ಅದಿರು ಒಡೆದ ಕೈಗಳ ಲೆಕ್ಕ

ಸಂಡೂರಿನ ಅದಿರು ಚೀನಾಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಅದನ್ನು ಸುತ್ತಿಗೆಯಲ್ಲಿ ಒಡೆದು ಜರಡಿ ಹಿಡಿದವರಲ್ಲಿ ನಮ್ಮ ಹೆಂಗಸರಿದ್ದರು, ಮಕ್ಕಳಿದ್ದರು. ‘ಅವ್ರು ನಮ್ಮ ಆಳಲ್ಲ, ಗುತ್ತಿಗೆದಾರನ ಜನ’ ಅಂದುಬಿಟ್ಟರೆ ಧಣಿಯ ಋಣ ತೀರಿತೇ? ಅದಿರು ನಿಂದು, ಒಡೆದ ಕೈ ಮಾತ್ರ ಯಾರದೋ!

2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಒಪ್ಪಿದ ತತ್ವಗಳಲ್ಲಿ ಈ ನೆಪಕ್ಕೆ ಜಾಗವಿಲ್ಲ. (ಕಾನೂನಲ್ಲ, ಬರೀ ತತ್ವ.) ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ, ಕೆಡಿಸಿದ ಗುಡ್ಡ ಸರಿಪಡಿಸುವ ಯೋಜನೆಯ ಷರತ್ತು ಹಾಕಿ ಬಾಗಿಲು ತೆರೆಯಿತು. ಒಳ್ಳೇದೇ. ಆದರೆ ಮಸ್ಟರಿನಲ್ಲಿ ಹೆಸರಿಲ್ಲದ ಕೂಲಿಗೆ ಯಾವ ಯೋಜನೆ?

ಮೇಷ್ಟ್ರೇ, ಆ ವರ್ಷಗಳ ನಿಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ನಡುವೆ ಬಿಟ್ಟುಹೋದ ಹುಡುಗರು ಹೊಸಪೇಟೆ, ಸಂಡೂರಿನ ಕೇರಿಗಳಲ್ಲಿ ಇನ್ನೂ ಇದ್ದಾರೆ. ಪಟ್ಟಿ ಅಲ್ಲಿಂದ ಶುರುವಾಗಲಿ. ಅದನ್ನ ಹಿಡ್ಕೊಂಡೇ ಕಂಪನಿ ಬಾಗಿಲಿಗೆ ಹೋಗೋಣ.