ಕುಲವೆಣಿಕೆಯೂ ಶರಣರ ನಂಟೂ

ಅಂಗದ ಮೇಲೆ ಲಿಂಗಸಂಬಂಧವಾದ ಬಳಿಕ ಹಿಂದಣ ಕುಲವನ್ನು ಎಣಿಸಲಾಗದೆಂಬುದು ಶರಣಮತ. ಹಾಗಿದ್ದ ಮೇಲೆ, ಮನೆತನದ ಹಿರಿಯರ ಹೆಸರುಗಳನ್ನು ಅಕ್ಕರೆಯಿಂದ ನೆನೆಯುತ್ತ ಬಾಳು ಸವೆಸಿದ ವೃದ್ಧೆಯೊಬ್ಬಳ ಆ ಪ್ರೀತಿಯು ಭಕ್ತಿಗೆ ಒಳಗೋ ಹೊರಗೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪುತ್ತೂರು, ಸುಳ್ಯ, ಕಡಬಗಳ ಕಡೆ ಅಂಥ ವೃದ್ಧೆಯರು ಅಪರೂಪವಲ್ಲ. ಅಲ್ಲಿಯ ಗೌಡ ಮನೆತನಗಳು ಘಟ್ಟದ ಮೇಲಣ ಐಗೂರು ಸೀಮೆಯಿಂದ ಇಳಿದು ಬಂದವೆಂದು ಪರಂಪರೆ ಹೇಳುತ್ತದೆ. ಹತ್ತು ಕುಟುಂಬ, ಹದಿನೆಂಟು ಗೋತ್ರವೆಂಬುದು ಅವರ ಲೆಕ್ಕ. ಮನೆಗಳು ಸಾಲಾಗಿ ಬೀದಿಯಲ್ಲಿಲ್ಲ. ತೋಟದ ಮೂಲೆಗೊಂದು, ಗುಡ್ಡದಾಚೆಗೊಂದು. ಆದುದರಿಂದ ಮನೆಯ ಹೆಸರೇ ಮನುಷ್ಯನ ಗುರುತು. ಬಂದವನಿಗೆ ಬೆಲ್ಲ ನೀರು ಕೊಟ್ಟು ಅಜ್ಜಿ ಕೇಳುವ ಮೊದಲ ಮಾತು, “ನೀನು ಯಾವ ಮನೆಯವನಪ್ಪಾ?” ಎಂಬುದು. ಆತನ ತಾಯಿ, ತಾಯಿಯ ತವರು, ಅಲ್ಲಿಂದ ಕೊಟ್ಟ ಹೆಣ್ಣು, ತಂದ ಹೆಣ್ಣು ಎಂದು ಎಳೆ ಹಿಡಿದು ಹೋಗಿ, “ಹಾಗಾದರೆ ನಮ್ಮವನೇ” ಎನ್ನುವವರೆಗೆ ಆಕೆಗೆ ಸಮಾಧಾನವಿಲ್ಲ.

ಗಂಡಸರು ಬರೆಯಿಸುವ ವಂಶವೃಕ್ಷದಲ್ಲಿ ಸಾಮಾನ್ಯವಾಗಿ ಗಂಡುಮಕ್ಕಳವೇ ಕೊಂಬೆಗಳು. ಹೆಣ್ಣುಮಕ್ಕಳು ಯಾವ ಊರು ಸೇರಿದರು, ತೊಟ್ಟಿಲಲ್ಲೇ ಹೋದ ಕೂಸಿನ ಹೆಸರೇನು, ಎಳೆವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು ಯಾರ ಆಸರೆಯಲ್ಲಿ ಬದುಕಿದಳು ಎಂಬುದೆಲ್ಲ ಅಜ್ಜಿಯ ನಾಲಗೆಯ ಮೇಲೆ ಮಾತ್ರ. ಆಕೆ ತೀರಿದಳೆಂದರೆ ಆ ಹೆಸರುಗಳನ್ನು ಕೇಳಲು ಹೋಗಬಹುದಾದ ಇನ್ನೊಂದು ಮನೆಯಿಲ್ಲ. ಇದನ್ನು ಕುಲಾಭಿಮಾನವೆಂದು ತಳ್ಳಿಹಾಕುವುದು ಆತುರದ ಮಾತು.

ಬಸವಣ್ಣನವರು ಕುಲವನ್ನು ಬಿಟ್ಟರೇ ಹೊರತು ನಂಟನ್ನು ಬಿಡಲಿಲ್ಲ. ಮಾದಾರ ಚೆನ್ನಯ್ಯನನ್ನು ತಂದೆಯೆಂದೂ ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಹೇಳಿಕೊಂಡರು. ಅದೂ ಒಂದು ವಂಶಾವಳಿಯೇ. ರಕ್ತದಿಂದ ಬಂದುದಲ್ಲ, ತಾವೇ ಆರಿಸಿಕೊಂಡುದು.

ಸುಳ್ಯದ ಇತಿಹಾಸದಲ್ಲಿಯೂ ಇಂಥದೊಂದು ಸಂಗತಿಯುಂಟು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ರೈತರು ಬಂಡೆದ್ದಾಗ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರು ಪುಟ್ಟಬಸಪ್ಪನೆಂಬ ಸಾಮಾನ್ಯನನ್ನು ಹಾಲೇರಿ ಅರಸುವಂಶದ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ಆ ವೀರಶೈವ ಅರಸರ ಮೇಲಣ ಗೌರವದಿಂದ ಜನ ಕೂಡಿತು. ಮಂಗಳೂರು ಕೆಲವು ದಿನ ಅವರ ಕೈಯಲ್ಲಿತ್ತು. ಬಳಿಕ ಪುಟ್ಟಬಸಪ್ಪ ನೇಣಿಗೇರಿದ. ವಂಶದ ಹೆಸರು ಎರವಲಾಗಿತ್ತು, ಕೊಟ್ಟ ಪ್ರಾಣ ಅವನದೇ. ಅವನ ಸ್ವಂತ ತಾತಮುತ್ತಾತಂದಿರು ಯಾರೆಂದು ಇಂದು ಯಾರೂ ಕೇಳುವುದಿಲ್ಲ.

ಆದರೂ ಕುಲವೆಣಿಕೆ ನಿರಪಾಯವಾದುದೆನ್ನಲಾಗದು. ಕಲ್ಯಾಣದಲ್ಲಿ ಹರಳಯ್ಯ, ಮಧುವಯ್ಯರ ಮಕ್ಕಳ ಲಗ್ನಕ್ಕೆ ಮುನಿದವರು ಎಣಿಸಿದುದೂ ಕುಲವನ್ನೇ. ಮೊಮ್ಮಗನು ಹೊರಗಿನ ಕನ್ಯೆಯನ್ನು ಕರೆತಂದು ಹೊಸ್ತಿಲಲ್ಲಿ ನಿಲ್ಲಿಸಿದಾಗಲೂ ಅಜ್ಜಿ ಅದೇ ಪ್ರಶ್ನೆಯನ್ನು ಕೇಳುತ್ತಾಳೆ: “ಯಾವ ಮನೆಯವಳಮ್ಮಾ?” ಉತ್ತರ ಕೇಳಿ ಮುಖ ತಿರುಗಿಸುವವರುಂಟು. ಆ ಹೊಸ ಮನೆಯ ಹೆಸರನ್ನು, ಹುಡುಗಿಯ ತಾಯಿಯ ಹೆಸರನ್ನು, ಎರಡೆರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡು, ಸಂಜೆಯ ಹೊತ್ತಿಗೆ ನೆರೆಯವರಿಗೆ ಒಪ್ಪಿಸುವವರೂ ಉಂಟು.