ಒಂದು ಬಿಂದುವಿನೊಳಗೆ ಎಷ್ಟು ದೇವರು?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಿಂದ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿ. ಅಲ್ಲಿ ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ. ತಂದೆಯ ನೆನಪಿಗೆಂದು ಕಟ್ಟಿಸಿದ ಬಸದಿಗೆ ತಂದೆಯ ಬಿರುದನ್ನೇ ಇಟ್ಟ. ಅದು ದ್ರೋಹಘರಟ್ಟ ಜಿನಾಲಯವಾಯಿತು. ಪ್ರತಿಷ್ಠೆಯ ಪ್ರಸಾದ ದೊರೆಯ ಕೈಸೇರಿದಾಗ ಅವನಿಗೆ ಯುದ್ಧದಲ್ಲಿ ಗೆಲುವಾಗಿತ್ತು, ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ದೊರೆ ದೇವರನ್ನು ವಿಜಯ ಪಾರ್ಶ್ವನೆಂದು ಕರೆದ. ಇಂದು ಬಸ್ಸಿಳಿದು ಬರುವ ಪ್ರವಾಸಿಗೆ ಅದು ಬರಿಯ ಪಾರ್ಶ್ವನಾಥ ಬಸದಿ. ಮಗನಿಗೆ ಒಂದು, ದೊರೆಗೆ ಒಂದು, ಪ್ರವಾಸಿಗೆ ಒಂದು: ಒಂದೇ ಕಟ್ಟಡಕ್ಕೆ ಮೂರು ಹೆಸರು, ಮೂರೂ ನಿಜ.

ಕನ್ನಡಿಯಂತೆ ಹೊಳೆಯುವ ಕಂಬಗಳಿರುವ ಆ ಬಸದಿಯ ನವರಂಗದ ಹೊರಗೆ ಸಮೀಕ್ಷೆಗೆ ಬಂದವರೊಬ್ಬರು ಮೊಬೈಲು ಹಿಡಿದು ನಿಂತರೆ, ಪರದೆಯ ಮೇಲೆ ಒಂದು ಫಾರಂ ತೆರೆಯುತ್ತದೆ. ಹೆಸರು, ವಿಧ, ಕಾಲ, ಸ್ಥಿತಿ, ಫೋಟೊ. ಹೆಸರಿಗೆ ಒಂದು ಖಾನೆ. ವಿಧಕ್ಕೆ ಒಂದು ಪಟ್ಟಿ. ಅದರಲ್ಲಿ ಒಂದನ್ನು ಆರಿಸಬೇಕು. ಆರಿಸದಿದ್ದರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಆರಿಸಿದ ಮರುಕ್ಷಣ ನಕಾಶೆಯ ಮೇಲೆ ಒಂದು ಬಿಂದು ಬೀಳುತ್ತದೆ.

ಆ ಬಿಂದು ಸತ್ಯವೇ?

ಅಳತೆಯ ಲೆಕ್ಕದಲ್ಲಿ ನೋಡಿದರೆ ಉತ್ತರ ಸುಲಭ. ಬಯಲಿನಲ್ಲಿ ಸಾಮಾನ್ಯ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಸರಿಯಾದ ಜಾಗ ತೋರಿಸುತ್ತದೆ. ಮರದಡಿ, ಕಲ್ಲುಮಂಟಪದ ಒಳಗೆ ಅದು ಇನ್ನಷ್ಟು ತಪ್ಪುತ್ತದೆ. ಈಗಿನ ಆ್ಯಪ್‌ಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿವೆ. ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ರೂಪಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಕ್ಯೂಫೀಲ್ಡ್‌ಗೆ ಬ್ಲೂಟೂತ್ ಮೂಲಕ ಹೊರಗಿನ ರಿಸೀವರ್ ಜೋಡಿಸಬಹುದು. ಒಂದೇ ಜಾಗದಲ್ಲಿ ಹಲವು ಸಲ ಅಳೆದು ಸರಾಸರಿ ತೆಗೆಯಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆ ಕರ್ನಾಟಕದಲ್ಲಿ ಸ್ಥಾಪಿಸಿರುವ, ಉಪಗ್ರಹ ಸಂಕೇತಗಳನ್ನು ಸದಾ ದಾಖಲಿಸುವ ಕೋರ್ಸ್ (CORS) ನಿಲ್ದಾಣಗಳ ನೆರವು ಸಿಕ್ಕರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ನಿಂತ ಹೊಲದ ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ನೋಡಿಕೊಳ್ಳುವ ರೈತರಿಗೆ ಫೋನಿನಲ್ಲಿ ಜಾಗ ಗುರುತಿಸುವುದು ಹೊಸ ಸಂಗತಿಯೂ ಅಲ್ಲ.

ಆದರೆ ಪೂಜೆಗೊಳ್ಳುವ ಜಾಗದ ಸತ್ಯ ಅಕ್ಷಾಂಶ ರೇಖಾಂಶಗಳಲ್ಲಿ ಮುಗಿಯುವುದಿಲ್ಲ. ಹೊಯ್ಸಳೇಶ್ವರವನ್ನೇ ನೋಡಿ. ನಕಾಶೆಯಲ್ಲಿ ಅದು ಒಂದು ಗುರುತು. ಒಳಗೆ ಎರಡು ಗರ್ಭಗುಡಿಗಳು, ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ. ಎದುರಿಗೆ ಎರಡು ನಂದಿಗಳು. ಜಿಲ್ಲಾಕೇಂದ್ರದ ಹಾಸನಾಂಬೆಯದು ಇನ್ನೊಂದು ಬಗೆ. ಗುಡಿಯ ಬಿಂದು ವರ್ಷವಿಡೀ ಫೋನಿನಲ್ಲಿ ಕಾಣುತ್ತದೆ, ದೇವಿಯ ದರ್ಶನ ಮಾತ್ರ ಆಶ್ವಯುಜದಲ್ಲಿ ಬಾಗಿಲು ತೆರೆದಾಗಿನಿಂದ ದೀಪಾವಳಿ ಮುಗಿಯುವ ತನಕ. ಬೇಲೂರಿನ ಚೆನ್ನಕೇಶವ ಚೈತ್ರದ ತೇರಿನ ದಿನ ಗುಡಿಯಿಂದ ಬೀದಿಗೆ ಬರುತ್ತಾನೆ. ದೇವರು ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಯಾವಾಗ, ಯಾರಿಗೆ ಎಂಬ ಪ್ರಶ್ನೆಗಳೂ ಅಂಟಿಕೊಂಡೇ ಬರುತ್ತವೆ.

ಇದನ್ನು ಯೋಚಿಸಲು ಬೇಕಾದ ತತ್ತ್ವ ಬಸ್ತಿಹಳ್ಳಿಯ ಆವರಣದಲ್ಲೇ ಇದೆ. ವಸ್ತುವಿಗೆ ಅನೇಕ ಮುಖಗಳಿವೆ, ಒಂದು ಹೇಳಿಕೆಗೆ ಅವೆಲ್ಲವೂ ಒಮ್ಮೆಗೇ ದಕ್ಕುವುದಿಲ್ಲ ಎನ್ನುವುದು ಜೈನರ ಅನೇಕಾಂತ. ಒಂದು ಮುಖವನ್ನು ಹಿಡಿದು ಆಡುವ ಮಾತು ನಯ. ಅದು ಸುಳ್ಳಲ್ಲ, ಸತ್ಯದ ಒಂದು ಪಾಲು. ಅದೇ ಮಾತು ಉಳಿದ ಮುಖಗಳನ್ನು ಅಲ್ಲಗಳೆದು ತಾನೇ ಪೂರ್ಣವೆಂದು ಹೊರಟಾಗ ದುರ್ನಯವಾಗುತ್ತದೆ. ನಕಾಶೆಯ ಬಿಂದುವೂ ಒಂದು ನಯ. ದೋಷವಿರುವುದು ಬಿಂದುವಿನಲ್ಲಲ್ಲ, ಬೇರೆ ಮಾತಿಗೆ ಜಾಗ ಬಿಡದ ಫಾರಂನಲ್ಲಿ.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ವೀರಗಲ್ಲನ್ನು ತೆಗೆದುಕೊಳ್ಳಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕೂತ ವೀರ. ಕಲ್ಲಿನ ತುಂಬ ಎಣ್ಣೆಯ ಜಿಡ್ಡು, ಅರಿಸಿನ ಕುಂಕುಮ. ಪುರಾತತ್ತ್ವದವರಿಗೆ ಅದು ಸ್ಮಾರಕಶಿಲೆ. ದಿನಾ ದೀಪ ಹಚ್ಚುವ ಮನೆಯವರಿಗೆ ದೇವರು. ಫಾರಂನಲ್ಲಿ ‘ವೀರಗಲ್ಲು’ ಎಂದು ಒತ್ತಿದರೆ ದೇವರು ಹೋಯಿತು. ‘ದೇವಸ್ಥಾನ’ ಎಂದು ಒತ್ತಿದರೆ ಊರಿಗಾಗಿ ಸತ್ತ ಮನುಷ್ಯ ಹೋದ. ಸ್ಥಿತಿ ಎಂಬಲ್ಲಿ ‘ಎಣ್ಣೆಯಿಂದ ಹಾಳಾಗಿದೆ’ ಎಂದು ಬರೆದರೆ ತಲೆಮಾರುಗಳ ಭಕ್ತಿ ದಾಖಲೆಯಲ್ಲಿ ಬರೀ ಹಾನಿಯಾಗಿ ಉಳಿಯುತ್ತದೆ.

ಹೊಸ ಆ್ಯಪ್‌ಗಳಲ್ಲಿ ಇದಕ್ಕೆ ದಾರಿಯಿದೆ, ಸಂತೋಷಪಡಬೇಕಾದದ್ದು ಇಲ್ಲೇ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಡಿಕೆ (ODK) ಎಂಬ ಆ್ಯಪಿನಲ್ಲಿ ಒಂದು ಪ್ರಶ್ನೆಗೆ ಹಲವು ಉತ್ತರ ಆರಿಸಲು ಬರುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ಕ್ಯೂಫೀಲ್ಡ್‌ನಲ್ಲಿ ಒಂದು ಬಿಂದುವಿನ ಅಡಿಯಲ್ಲಿ ಬೇಕಾದಷ್ಟು ಉಪದಾಖಲೆ ಸೇರಿಸಬಹುದು: ಶಾಸನದಲ್ಲಿರುವ ಹೆಸರು, ಊರವರು ಕರೆಯುವ ಹೆಸರು, ಹಬ್ಬದ ತಿಥಿ, ಪೂಜೆಯ ಹಕ್ಕುಳ್ಳ ಮನೆತನದವರ ಮಾತು. ಅಜ್ಜಿಯೊಬ್ಬರು ಹೇಳುವ ಕಥೆಯನ್ನು ಅವರ ದನಿಯಲ್ಲೇ ಜೋಡಿಸಬಹುದು. ನೆಟ್‌ವರ್ಕ್ ಇಲ್ಲದ ಕಡೆಯೂ ಇದೆಲ್ಲ ನಡೆಯುತ್ತದೆ, ಊರಿಗೆ ಬಂದ ಮೇಲೆ ಅಪ್‌ಲೋಡ್ ಮಾಡಿದರಾಯಿತು.

ಒಂದೇ ದಾಖಲೆಯನ್ನು ಇಬ್ಬರು ತಿದ್ದಿದಾಗ ಏನಾಗಬೇಕೆಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸಲಿ ಎಂದೂ ವ್ಯವಸ್ಥೆ ಮಾಡಬಹುದು. ಭಿನ್ನತೆಯನ್ನು ತೋರಿಸು, ಮನುಷ್ಯರು ಕೂತು ನೋಡಿ ತೀರ್ಮಾನಿಸಲಿ ಎಂದೂ ಮಾಡಬಹುದು. ಯಂತ್ರಕ್ಕೆ ಎರಡೂ ಒಂದೇ. ಆರಿಸುವವರ ಮನಸ್ಸು ಎಂಥದ್ದು ಎಂಬುದು ಅಲ್ಲಿ ತಿಳಿಯುತ್ತದೆ. ಒಬ್ಬನೇ ದೇವರನ್ನು ಶೈವರು, ವೇದಾಂತಿಗಳು, ಬೌದ್ಧರು, ಜೈನರು ತಮ್ಮ ತಮ್ಮ ಹೆಸರಿನಿಂದ ಕಾಣುತ್ತಾರೆ ಎಂಬರ್ಥದ ಶ್ಲೋಕವನ್ನು ಶಾಸನದಲ್ಲಿ ಕೆತ್ತಿಸಿದ ಬೇಲೂರು ಹಳೇಬೀಡಿಗೆ ಹತ್ತಿರದಲ್ಲೇ ಇದೆ. ಆ ಸೀಮೆಯ ದಾಖಲೆಯಲ್ಲಿ ಒಂದು ಮಾತು ಇನ್ನೊಂದನ್ನು ಅಳಿಸಕೂಡದು.

ದಾಖಲೆಯೇ ಬೇಡ ಎನ್ನುವುದೂ ತಪ್ಪು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳನ್ನು ಊರೂರಿನ ಹೆಸರಿನಡಿ ಅಚ್ಚು ಹಾಕಿಸದೇ ಹೋಗಿದ್ದರೆ, ಆಮೇಲೆ ಕಳೆದುಹೋದ ಎಷ್ಟೋ ಕಲ್ಲುಗಳ ಮಾತು ನಮಗೆ ಸಿಗುತ್ತಲೇ ಇರಲಿಲ್ಲ. ಬೆಂಗಳೂರಿನಲ್ಲಿ ಆಸಕ್ತ ನಾಗರಿಕರು ಆ ಸಂಪುಟ ಹಿಡಿದು ಕಲ್ಲುಗಳನ್ನು ಹುಡುಕಿ ಆನ್‌ಲೈನ್ ನಕಾಶೆಗೆ ಏರಿಸಿದರು. ಮಿಥಿಕ್ ಸೊಸೈಟಿಯ ಯೋಜನೆ ಮುಂದೆ ಅವುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿತು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಎಂಟನೇ ಶತಮಾನದ ವೀರಗಲ್ಲಿಗೆ ಇಂದು ಮಂಟಪವಿದೆ. ಬಿಂದು ಬಿದ್ದದ್ದರಿಂದ ಕಲ್ಲು ಉಳಿದ ಉದಾಹರಣೆಗಳಿವು.

ಆದರೆ ಎಲ್ಲ ಬಿಂದುವೂ ಎಲ್ಲರಿಗೂ ಕಾಣಬೇಕೆಂದಿಲ್ಲ. ತೋಟದ ಮೂಲೆಯ ಬಾಗಿಲಿಲ್ಲದ ಗುಡಿಯಲ್ಲಿ ಹಳೆಯ ವಿಗ್ರಹವಿದ್ದರೆ, ಸೆಂಟಿಮೀಟರ್ ನಿಖರತೆಯ ಗುರುತು ಕಳ್ಳನಿಗೇ ಮೊದಲು ನೆರವಾದೀತು. ಐನ್ಯಾಚುರಲಿಸ್ಟ್ ಎಂಬ ಜೀವವೈವಿಧ್ಯ ಜಾಲತಾಣ ಅಪಾಯದಲ್ಲಿರುವ ಪ್ರಾಣಿ, ಗಿಡಗಳ ನಿಖರ ಜಾಗವನ್ನು ತಾನಾಗಿಯೇ ಮಸುಕು ಮಾಡುತ್ತದೆ. ಅಪರೂಪದ ಗಿಡಕ್ಕೆ ತೋರಿಸುವ ಈ ಎಚ್ಚರ ಊರದೇವರಿಗೂ ಸಲ್ಲಬೇಕು. ಯಾವುದನ್ನು ಮುಚ್ಚಿಡಬೇಕೆಂದು ಮೊದಲು ಕೇಳಬೇಕಾದದ್ದು ಆ ದೇವರಿಗೆ ನಡೆದುಕೊಳ್ಳುವವರನ್ನು.

ಹೊಯ್ಸಳರ ಪವಿತ್ರ ದೇಗುಲ ಸಮುಚ್ಚಯ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ಅದರಲ್ಲಿರುವುದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಮೂರು ದೇವಾಲಯಗಳು. ಪಟ್ಟಿಯ ಹೊರಗುಳಿದ ಗುಡಿ, ಬಸದಿ, ವೀರಗಲ್ಲು, ಕಲ್ಯಾಣಿಗಳಿಗೆ ಲೆಕ್ಕವಿಲ್ಲ. ಅವುಗಳ ಗಣತಿಗೆ ಇಂದಲ್ಲ ನಾಳೆ ಕಾಲೇಜು ಹುಡುಗ ಹುಡುಗಿಯರು ಮೊಬೈಲು ಹಿಡಿದು ಹೊರಡುತ್ತಾರೆ, ಹೊರಡಲೇಬೇಕು. ಅವರಿಗೆ ಫಾರಂ ಸಿದ್ಧಮಾಡಿ ಕೊಡುವ ಅಧ್ಯಾಪಕರು, ಅಧಿಕಾರಿಗಳಲ್ಲಿ ಒಂದು ಕೋರಿಕೆ: ಹೆಸರಿಗೆ ಒಂದಕ್ಕಿಂತ ಹೆಚ್ಚು ಖಾನೆ ಇಡಿ, ಊರವರ ಮಾತಿಗೆ ಒಂದು ಜಾಗ ಬಿಡಿ, ಬಿಂದುವನ್ನು ಯಾರಿಗೆ ತೋರಿಸಬೇಕೆಂದು ಆ ಊರಿನಲ್ಲೇ ಕೇಳಿ ಬರೆದುಕೊಳ್ಳಿ.