ಹಳ್ಳದ ನೀರು ಯಾರಿಗೆ ಉತ್ತರಿಸಬೇಕು?

ಯುರೇನಿಯಂ ಹುಡುಕುವವರು ಮೊದಲು ನೆಲವನ್ನು ಅಗೆಯುವುದಿಲ್ಲ, ಹಳ್ಳವನ್ನು ಕೇಳುತ್ತಾರೆ. ಮಳೆಯು ಬಂಡೆಯನ್ನು ಸವೆಸಿ, ಸವೆದುದನ್ನು ಹಳ್ಳಕ್ಕೆ ತಂದು ಸುರಿಯುತ್ತದೆ. ಆದುದರಿಂದ ಹಳ್ಳದ ತಳದ ಒಂದು ಹಿಡಿ ರೇವೆಯಲ್ಲಿ ಅದರ ಮೇಲ್ಭಾಗದ ಇಡೀ ಜಲಾನಯನದ ಸುದ್ದಿ ಅಡಗಿರುತ್ತದೆ. ದೊಡ್ಡ ಹೊಳೆಯ ಮರಳು ಹತ್ತು ಸೀಮೆಗಳ ಬೆರಕೆ. ಅದರಲ್ಲಿ ಯಾವ ಊರಿನ ಬಂಡೆ ಮಾತನಾಡಿತೆಂದು ತಿಳಿಯುವುದು ಕಷ್ಟ. ಅದಕ್ಕಾಗಿ ಶೋಧಕರು ಚಿಕ್ಕ ಹಳ್ಳಗಳನ್ನೇ ಆರಿಸಿಕೊಳ್ಳುತ್ತಾರೆ. ನಾಲ್ಕಾರು ಕಡೆಯಿಂದ ರೇವೆಯನ್ನೆತ್ತಿ ಬೆರೆಸಿ, ಒಣಗಿಸಿ, ಸಣ್ಣ ಕಣ್ಣಿನ ಜರಡಿ ಹಿಡಿದು, ಇಳಿದ ಹುಡಿಯನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ನೀರನ್ನಾದರೆ ಸೋಸಿ, ಕರಗಿದ ಲೋಹವು ಬಾಟಲಿಯ ಗೋಡೆಗೆ ಅಂಟದಿರಲೆಂದು ಕೆಲವು ಹನಿ ನೈಟ್ರಿಕ್ ಆಮ್ಲ ಬಿಟ್ಟು, ಮುಚ್ಚಿ, ಮೇಲೊಂದು ಸಂಖ್ಯೆ ಬರೆಯುತ್ತಾರೆ. ಹಳ್ಳದ ನೀರಷ್ಟೇ ಅಲ್ಲ, ಊರ ಬಾವಿ, ಕೊಳವೆಬಾವಿಗಳ ನೀರನ್ನೂ ಹೀಗೆಯೇ ಒಯ್ಯುತ್ತಾರೆ.

ಬಾಟಲಿಯ ಮೇಲೆ ಬಾವಿಯ ಗುರುತು ಇರುತ್ತದೆ. ಆ ಬಾವಿಯ ನೀರು ಕುಡಿಯುವವರ ಗುರುತು ಇರುವುದಿಲ್ಲ. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೇಳಿದವನಿಗೆ ನೀರು ಕೊಟ್ಟ ಉತ್ತರವು ಅದೇ ನೀರನ್ನು ಕುಡಿಯುವವನಿಗೂ ಸಲ್ಲಬೇಕೋ ಬೇಡವೋ? ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಯುರೇನಿಯಂಗೇನು ಕೆಲಸ ಎನ್ನುವವರಿದ್ದಾರೆ. ಯಾರ ಮಾತು ಯಾರ ಕಿವಿಗೆ ಮುಟ್ಟಬೇಕು ಎಂಬುದು ಸಾಹಿತ್ಯಕ್ಕೆ ಹೊರಗಿನ ವಿಷಯವೆಂದು ನಮಗೆ ತೋರುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ಇದು ದೂರದ ಮಾತು ಎನಿಸಬಹುದು. ನಮ್ಮ ಎರೆಮಣ್ಣಿನ ಕೆಳಗಿರುವುದು ಕರಿಗಲ್ಲು, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಗಟ್ಟಿಯಾದ ಲಾವಾ. ಅದರಲ್ಲಿ ಯುರೇನಿಯಂ ಸಾಮಾನ್ಯವಾಗಿ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಗ್ರಾನೈಟಿನಲ್ಲಿ ಮೂರು ನಾಲ್ಕು ಪಾಲು ಇರುತ್ತದೆ. ಆದರೆ ಭೀಮೆ ನಮ್ಮಲ್ಲಿಯೇ ನಿಲ್ಲುವವಳಲ್ಲ. ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು, ಮುಂದೆ ನಳದುರ್ಗದಿಂದ ಅಕ್ಕಲಕೋಟೆ ತಾಲ್ಲೂಕಿಗೆ ಇಳಿದು ಬರುವ ಬೋರಿಯನ್ನೂ ಒಡಲಿಗೆ ಸೇರಿಸಿಕೊಂಡು, ಕಲಬುರಗಿ ಯಾದಗಿರಿಗಳ ಕಡೆಗೆ ಸಾಗುತ್ತಾಳೆ. ಆ ಸೀಮೆಯಲ್ಲಿ ಕರಿಗಲ್ಲಿನ ಹೊದಿಕೆ ಮುಗಿದು ಸುಣ್ಣಕಲ್ಲು ಬಯಲಿಗೆ ಬರುತ್ತದೆ. ನಮ್ಮ ಮನೆಗಳ ಪಡಸಾಲೆಗೆ ಹಾಸಿದ ಶಹಾಬಾದಿ ಫರಸಿ ಆ ಸುಣ್ಣಕಲ್ಲೇ. ಅದೇ ಸ್ತರಗಳು ಒಂದು ಸ್ತರಭಂಗದ ಗುಂಟ ಒಡೆದು ನುರಿದಿರುವಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯ ಬಳಿ, ಪರಮಾಣು ಖನಿಜ ನಿರ್ದೇಶನಾಲಯದವರು ಯುರೇನಿಯಂ ಅದಿರನ್ನು ಕಂಡರು. (ಫರಸಿಗೆ ಅಂಜಬೇಕಿಲ್ಲ, ಅದಿರು ಇರುವುದು ಆ ಬಿರುಕಿನ ಗುಂಟ, ಇಡೀ ಹಾಸುಗಲ್ಲಿನಲ್ಲಲ್ಲ.) ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳಿರುವ ಊರೆಂದು ಇತಿಹಾಸ ಓದಿದವರಿಗೆ ಗೊತ್ತಿದ್ದ ಗೋಗಿ, ಹೀಗೆ ದೇಶದ ಯುರೇನಿಯಂ ನಕ್ಷೆಯಲ್ಲಿ ಸೇರಿತು. ಅಲ್ಲಿ ಪರಿಶೋಧನೆಯ ಗಣಿಯೂ ಆಯಿತು. ಊರವರು ತಮ್ಮ ನೀರು, ತಮ್ಮ ಆರೋಗ್ಯಗಳ ಬಗೆಗೆ ಪ್ರಶ್ನೆಗಳನ್ನೂ ಎತ್ತಿದರು.

ಆ ಪ್ರಶ್ನೆಗಳು ಸುಮ್ಮನೆ ಹುಟ್ಟಿದವಲ್ಲ. ಗಾಳಿಯ ಆಮ್ಲಜನಕ ತಾಗಿದ ಯುರೇನಿಯಂ ನೀರಿನಲ್ಲಿ ಕರಗುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರೆ ಅದರೊಡನೆ ಕೂಡಿಕೊಂಡು ದೂರ ಸಾಗುತ್ತದೆ. ಆಮ್ಲಜನಕವಿಲ್ಲದ, ಕೊಳೆತ ಸಸ್ಯವೋ ಗಂಧಕದ ಖನಿಜವೋ ಇರುವ ಜಾಗ ಸಿಕ್ಕಿತೆಂದರೆ ಅಲ್ಲಿಯೇ ತಳವೂರುತ್ತದೆ. ಶೋಧಕನಿಗೆ ದಾರಿ ತೋರಿಸುವುದು ಈ ಕರಗುವ ಗುಣವೇ. ಕುಡಿಯುವವನ ಹೊಟ್ಟೆಗೆ ಅದನ್ನು ಮುಟ್ಟಿಸುವುದೂ ಇದೇ ಗುಣ. ನೀರಿನಲ್ಲಿ ಸೇರಿದ ಯುರೇನಿಯಂ ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕ ವಿಷವಾಗಿ ಮೂತ್ರಪಿಂಡವನ್ನು ಬಾಧಿಸುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹೇಳಿದ್ದು 60. ಒಂದು ಬಾವಿಯಲ್ಲಿ 90 ಬಂದಿತೆಂದುಕೊಳ್ಳೋಣ. ಶೋಧಕನ ಕೋಷ್ಟಕದಲ್ಲಿ ಅದು ಶುಭಸೂಚನೆ. ಆ ಬಾವಿಗೆ ಕೊಡ ಇಳಿಸುವ ಮನೆಯಲ್ಲಿ ಅದು ಕೆಟ್ಟ ಸುದ್ದಿ. ಅಂಕೆ ಒಂದೇ. ಒಬ್ಬನು ಅದನ್ನು ಓದಿದ್ದಾನೆ, ಇನ್ನೊಬ್ಬನು ಓದದೆ ಕುಡಿಯುತ್ತಿದ್ದಾನೆ. ಅದಿರಿಲ್ಲದ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇಲ್ಲಿಯ ಸಂಶೋಧಕರೊಡನೆ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತದ 16 ರಾಜ್ಯಗಳ ಅಂತರ್ಜಲದಲ್ಲಿ ಯುರೇನಿಯಂ ಮಿತಿಮೀರಿರುವ ಜಾಗಗಳನ್ನು ತೋರಿಸಿತು. ಮೂಲವು ಬಂಡೆಯಲ್ಲಿದ್ದರೂ ಅತಿಯಾಗಿ ನೀರೆತ್ತುವುದು, ನೈಟ್ರೇಟು ಸೇರುವುದು ಅದನ್ನು ಹೆಚ್ಚಿಸುತ್ತವೆ ಎಂದೂ ಅದು ಹೇಳಿತು.

ಹೇಳಬಾರದು ಎನ್ನುವವರ ವಾದಗಳನ್ನು ಹಗುರವಾಗಿ ಕಾಣಲಾಗದು. ಮೊದಲನೆಯದು ರಾಷ್ಟ್ರದ ಗುಟ್ಟು. 1962ರ ಪರಮಾಣು ಶಕ್ತಿ ಕಾಯಿದೆಯು ಇಂಥ ಮಾಹಿತಿಯನ್ನು ಬಹಿರಂಗಪಡಿಸದಂತೆ ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಅದಿರು ಎಲ್ಲಿದೆ, ಎಷ್ಟು ಆಳದಲ್ಲಿದೆ, ಎಷ್ಟು ಟನ್ನು ಇದೆ ಎಂಬುದನ್ನು ಸರಕಾರ ತನ್ನಲ್ಲಿಯೇ ಇಟ್ಟುಕೊಂಡರೆ ನಮ್ಮ ತಕರಾರಿಲ್ಲ. ಆದರೆ ಬಾವಿಯ ನೀರು ಕುಡಿಯಲು ಯೋಗ್ಯವೇ ಎಂಬುದು ಅದಿರಿನ ಮಾಹಿತಿಯಲ್ಲ, ದೇಹದ ಮಾಹಿತಿ. ಎರಡೂ ಒಂದೇ ಬಾಟಲಿಯಿಂದ ಬಂದವು ಎಂಬ ಕಾರಣಕ್ಕೆ ಎರಡನ್ನೂ ಒಂದೇ ಕಪಾಟಿಗೆ ಹಾಕಿ ಬೀಗ ಜಡಿಯುವುದು ನ್ಯಾಯವಲ್ಲ.

ಎರಡನೆಯ ವಾದ ಇದಕ್ಕಿಂತ ಬಲವಾದುದು. ಒಂದು ಮಾದರಿಯಿಂದ ಏನೂ ಸಿದ್ಧವಾಗುವುದಿಲ್ಲ ಎನ್ನುತ್ತಾರೆ, ಅದು ನಿಜ. ಮಳೆಗಾಲದ ನೀರಿನಲ್ಲಿ ತೆಳುವಾದ ಅಂಶ ಬೇಸಗೆಯಲ್ಲಿ ದಟ್ಟವಾದೀತು. ನಮ್ಮ ಜಿಲ್ಲೆಯಂಥ ಕಬ್ಬಿನ ಸೀಮೆಯಲ್ಲಿ ಇನ್ನೊಂದು ತೊಡಕು: ರಂಜಕದ ಗೊಬ್ಬರಗಳಲ್ಲಿಯೂ ಅಷ್ಟಿಷ್ಟು ಯುರೇನಿಯಂ ಇರುತ್ತದೆ. ಹಳ್ಳದ ರೇವೆಯಲ್ಲಿ ಕಂಡುದು ಬಂಡೆಯಿಂದ ಬಂದಿತೋ ಗೊಬ್ಬರದ ಚೀಲದಿಂದ ಬಂದಿತೋ ಎಂದು ಬಲ್ಲವರೂ ತಡವರಿಸಬೇಕಾಗುತ್ತದೆ. ಇಂಥ ಅರೆಬೆಂದ ಅಂಕೆಯನ್ನು ಊರಿಗೆ ಕೊಟ್ಟರೆ ಜನ ಗಾಬರಿಯಾಗುತ್ತಾರೆ, ಹೊಲದ ಬೆಲೆ ಕುಸಿಯುತ್ತದೆ, ಆ ಊರಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೂ ಈ ವಾದವನ್ನು ನಾವು ಒಪ್ಪಲಾರೆವು. ಅಂಕೆಯಲ್ಲಿ ಅನುಮಾನವಿದ್ದರೆ ಆ ಅನುಮಾನವನ್ನೂ ಸೇರಿಸಿಯೇ ಹೇಳಬಹುದು: ಇಷ್ಟು ಬಂದಿದೆ, ಇನ್ನೆರಡು ಸಲ ನೋಡಬೇಕು, ಅಲ್ಲಿಯವರೆಗೆ ಬೇರೆ ಬಾವಿಯ ನೀರು ಕುಡಿಯಿರಿ. ರೈತನು ಕಂತೆ ಕಟ್ಟುವಾಗ ಮೋಡದ ಮೇಲೂ ಧಾರಣೆಯ ಮೇಲೂ ಅನುಮಾನವಿಟ್ಟುಕೊಂಡೇ ಕಟ್ಟುತ್ತಾನೆ. ಅನುಮಾನದೊಡನೆ ಬಾಳುವುದನ್ನು ಅವನಿಗೆ ಯಾರೂ ಕಲಿಸಬೇಕಿಲ್ಲ. ತಿಳಿದರೂ ಬಡವ ಏನು ಮಾಡಬಲ್ಲ ಎನ್ನುವುದೂ ಸರಿಯಲ್ಲ. ನೀರನ್ನು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ದಟ್ಟವಾಗುತ್ತದೆ, ಆರ್.ಓ. ಯಂತ್ರವು ಅದರ ಬಹುಪಾಲನ್ನು ತೆಗೆಯಬಲ್ಲದು. ಇಷ್ಟು ತಿಳಿದ ಪಂಚಾಯತಿಗೂ ತಿಳಿಯದ ಪಂಚಾಯತಿಗೂ ಅಂತರವಿದೆ.

ಮಣ್ಣಿನ ವಿಷಯದಲ್ಲಿ ಸರಕಾರವೇ ಈ ನಿಯಮವನ್ನು ಒಪ್ಪಿಕೊಂಡಿದೆ. 2015ರಿಂದ ರೈತನ ಹೊಲದ ಮಣ್ಣನ್ನು ಒಯ್ದು ಪರೀಕ್ಷಿಸಿ, ಫಲಿತಾಂಶವನ್ನು ಮಣ್ಣಿನ ಆರೋಗ್ಯ ಚೀಟಿಯಾಗಿ ಅವನಿಗೇ ಕೊಡುವ ಯೋಜನೆಯಿದೆ. ಕೊಂಡೊಯ್ದವರು ಮರಳಿ ಹೇಳಬೇಕು ಎಂಬ ಆ ನಿಯಮ ಹೊಲದ ಬದುವನ್ನು ದಾಟಿ ಹಳ್ಳಕ್ಕೂ ಬಾವಿಗೂ ಇಳಿಯಲಿ ಎಂದಷ್ಟೇ ನಮ್ಮ ಬೇಡಿಕೆ. ಶೋಧನೆಯೇ ಬೇಡವೆಂದು ನಾವು ಹೇಳುತ್ತಿಲ್ಲ. 1969ರಿಂದ ತಾರಾಪುರದಲ್ಲಿ ಪರಮಾಣು ವಿದ್ಯುತ್ತು ಹುಟ್ಟುತ್ತಿದೆ, ಆಚೆ ಕೈಗಾ ಇದೆ. ಆ ಬೆಳಕಿನಲ್ಲಿ ಕುಳಿತು, ಗಣಿಯು ಜಾದೂಗುಡದವರ ಪಾಲಿಗಿರಲಿ, ನಮ್ಮ ಭೀಮಾತೀರಕ್ಕೆ ಬೇಡ ಎನ್ನುವುದು ನೀತಿಯಲ್ಲ, ಜಾಣತನ.

ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರು ನಮ್ಮದು. ಆ ಕೆರೆ ಬಂದವರ ಬಾಯಾರಿಕೆಯನ್ನು ತಣಿಸಲು ಕಟ್ಟಿದ್ದು. ನೀರಿನ ಲೆಕ್ಕ ನೀರು ಕುಡಿಯುವವರಿಂದ ತೊಡಗುತ್ತದೆಂಬ ತಿಳಿವಳಿಕೆ ಆ ಕೆಲಸದಲ್ಲಿತ್ತು. ಇಂದಿನ ಲೆಕ್ಕ ಬೇರೆ ತುದಿಯಿಂದ ತೊಡಗುತ್ತಿದೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆಯ ಕೆಲಸದಲ್ಲಿ ಒಂದೊಂದು ಚದರ ಕಿಲೋಮೀಟರಿಗೆ ಒಂದರಂತೆ ಹಳ್ಳದ ರೇವೆಯನ್ನು ಎತ್ತಿ, ನಾಲ್ಕನ್ನು ಬೆರೆಸಿ, ಹತ್ತಾರು ಮೂಲಧಾತುಗಳಿಗಾಗಿ ಪರೀಕ್ಷಿಸುತ್ತಾರೆ, ಯುರೇನಿಯಂ ಅವುಗಳಲ್ಲೊಂದು. ಮಾಹಿತಿಯನ್ನು ಅವರು ಬಚ್ಚಿಡುವುದಿಲ್ಲ, ಭೂಕೋಶವೆಂಬ ತಮ್ಮ ಜಾಲತಾಣದಲ್ಲಿ ಇಡುತ್ತಾರೆ. ಇದು ಮೆಚ್ಚತಕ್ಕದ್ದು. ಆದರೆ ಇಂಗ್ಲಿಷಿನ ಸಂಕೇತಾಕ್ಷರಗಳಲ್ಲಿ ಅಂಕೆಗಳನ್ನು ಇಟ್ಟ ಮಾತ್ರಕ್ಕೆ ಹೇಳಿದಂತಾಯಿತೇ? ಕಚೇರಿಯ ಕಾಗದ ಮರಾಠಿಯಲ್ಲಿ, ವಿಜ್ಞಾನದ ಕಾಗದ ಇಂಗ್ಲಿಷಿನಲ್ಲಿ, ಬಾವಿಕಟ್ಟೆಯ ಮಾತು ಕನ್ನಡದಲ್ಲಿ ಇರುವ ಅಕ್ಕಲಕೋಟೆಯ ಹಳ್ಳಿಗೆ ಉತ್ತರ ತಲುಪಬೇಕಾದರೆ ಅದು ಎರಡು ಹೊಳೆ ದಾಟಬೇಕು. ಗಡಿನಾಡಿನ ಕನ್ನಡ ಸಂಘಗಳು ಶಾಲೆ, ಫಲಕ, ಪಠ್ಯಗಳಿಗಾಗಿ ಹೋರಾಡಿವೆ. ನೀರಿನ ವರದಿಯನ್ನು ಕನ್ನಡದಲ್ಲಿ ಕೇಳಿದ್ದು ಅಪರೂಪ.

ಶೋಧಕರ ನಮೂನೆಯಲ್ಲಿ ಮಾದರಿಯ ಸಂಖ್ಯೆ, ಅಕ್ಷಾಂಶ, ರೇಖಾಂಶ, ದಿನಾಂಕ, ನೀರಿನ ಉಷ್ಣತೆ, ಆಮ್ಲ-ಕ್ಷಾರದ ಪ್ರಮಾಣ ಇಷ್ಟಕ್ಕೆಲ್ಲ ಕಾಲಮ್ಮುಗಳಿರುತ್ತವೆ. ನಾಳೆ ಬೋರಿಯ ಹಳ್ಳಗಳಿಗೆ ಯಾರಾದರೂ ಜರಡಿ, ಬಾಟಲಿ ಹಿಡಿದು ಬಂದರೆ, ಅದರಲ್ಲಿ ಇನ್ನೊಂದು ಕಾಲಮ್ಮು ಇರಲೆಂದು ಕೇಳುವ ಹಕ್ಕು ನಮಗಿದೆ: ಫಲಿತಾಂಶವನ್ನು ಯಾರಿಗೆ, ಯಾವ ದಿನ, ಯಾವ ಭಾಷೆಯಲ್ಲಿ ತಿಳಿಸಲಾಯಿತು.